ಪದವಿಗಾಗಿ ಆಡುವ ಮಾತು, ಮಾತಿಗಾಗಿ ಬಿಟ್ಟ ಪದವಿ

ಚುನಾವಣೆಯ ಕಾಲ ಬಂದಿತೆಂದರೆ ನಮ್ಮ ಮನೆಗಳ ಪಡಸಾಲೆಗಳಲ್ಲಿ, ಮಠಗಳ ಅಂಗಳಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ನಮ್ಮ ಸಂವಿಧಾನವು ತನ್ನ ೨೫ನೆಯ ಅನುಚ್ಛೇದದಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಹೀಗಿರಲು ವೇದಿಕೆಯ ಮೇಲೆ ನಿಂತು ಧರ್ಮದ ಹೆಸರೆತ್ತಿದ ರಾಜಕಾರಣಿಯನ್ನು ನ್ಯಾಯಾಲಯದ ಕಟಕಟೆಗೆ ತರುವುದೇಕೆ? ಭಕ್ತಿ ಅಪರಾಧವಾಯಿತೇ? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ರಾಜಕಾರಣದಲ್ಲಿ ಧರ್ಮದ ಸುಳಿವೂ ಇರಬಾರದು ಎಂಬುದು ಒಂದು. ನಮ್ಮವರು ಆಡಿದರೆ ಅದು ಧರ್ಮಾಭಿಮಾನ, ಪರರು ಆಡಿದರೆ ಅದು ದ್ವೇಷ ಎಂಬುದು ಇನ್ನೊಂದು. ಎರಡೂ ವಿಚಾರಕ್ಕೆ ನಿಲ್ಲುವ ಉತ್ತರಗಳಲ್ಲ. ಕಾನೂನು ನಿಜವಾಗಿ ಏನು ಹೇಳುತ್ತದೆ, ನ್ಯಾಯಾಲಯಗಳು ಇದುವರೆಗೆ ಯಾವ ಗೆರೆಯನ್ನು ಎಳೆದಿವೆ, ಶರಣಪರಂಪರೆಯ ವಾರಸುದಾರರಾದ ನಾವು ಈ ವಿಷಯವನ್ನು ಹೇಗೆ ಕಾಣಬೇಕು ಎಂಬುದನ್ನು ಸಮಾಧಾನದಿಂದ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಎರಡು ದಾರಿಗಳು

ರಾಜಕಾರಣಿಯ ಧಾರ್ಮಿಕ ಮಾತು ನ್ಯಾಯಾಲಯಕ್ಕೆ ಬರುವ ದಾರಿಗಳು ಎರಡು. ಇವುಗಳ ಭೇದವನ್ನು ತಿಳಿಯದೆ ಮುಂದುವರಿದರೆ ಗೊಂದಲವಾಗುತ್ತದೆ.

ಮೊದಲನೆಯದು ಚುನಾವಣಾ ತಕರಾರು ಅರ್ಜಿಯ ದಾರಿ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೩ನೆಯ ಪ್ರಕರಣವು ಭ್ರಷ್ಟ ಆಚರಣೆಗಳನ್ನು ಪಟ್ಟಿ ಮಾಡುತ್ತದೆ. ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆ ಇವುಗಳ ಆಧಾರದ ಮೇಲೆ ಮತ ಯಾಚಿಸುವುದು, ಧಾರ್ಮಿಕ ಚಿಹ್ನೆಗಳನ್ನು ಅದಕ್ಕಾಗಿ ಬಳಸುವುದು, ಜನವರ್ಗಗಳ ನಡುವೆ ವೈರ ಬೆಳೆಸುವುದು ಈ ಪಟ್ಟಿಯಲ್ಲಿವೆ. ಇಂಥವರಿಗೆ ಮತ ಕೊಡದಿದ್ದರೆ ದೈವದ ಕೋಪಕ್ಕೆ ಗುರಿಯಾಗುವಿರಿ ಎಂದು ಮತದಾರನನ್ನು ಹೆದರಿಸುವುದೂ ಅನುಚಿತ ಪ್ರಭಾವವೆಂದು ಅಲ್ಲಿಯೇ ಹೇಳಿದೆ. ಇದು ಸಾಬೀತಾದರೆ ಗೆದ್ದವನ ಆಯ್ಕೆ ರದ್ದಾಗುತ್ತದೆ. ರಾಷ್ಟ್ರಪತಿಗಳು ಆರು ವರ್ಷಗಳವರೆಗೆ ಅನರ್ಹತೆಯನ್ನು ವಿಧಿಸಬಹುದು. ಇಲ್ಲಿ ಸೆರೆವಾಸವಿಲ್ಲ.

ಎರಡನೆಯದು ದಂಡಸಂಹಿತೆಯ ದಾರಿ. ಭಾರತೀಯ ದಂಡಸಂಹಿತೆಯ ೧೫೩-ಎ ಪ್ರಕರಣವು ಧರ್ಮಾದಿಗಳ ಹೆಸರಿನಲ್ಲಿ ವರ್ಗಗಳ ನಡುವೆ ದ್ವೇಷ ಬಿತ್ತುವುದನ್ನೂ, ೨೯೫-ಎ ಪ್ರಕರಣವು ದುರುದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆಗಳನ್ನು ಘಾಸಿಗೊಳಿಸುವುದನ್ನೂ ಶಿಕ್ಷಾರ್ಹವೆಂದು ಸಾರಿದ್ದವು. ೨೦೨೪ರ ಜುಲೈ ೧ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ ೧೯೬ ಮತ್ತು ೨೯೯ನೆಯ ಪ್ರಕರಣಗಳಾಗಿವೆ. ಮೂರು ವರ್ಷಗಳವರೆಗೆ ಸೆರೆವಾಸ ಉಂಟು. ವೈರ ಬಿತ್ತುವ ಅಪರಾಧವು ಪೂಜಾಸ್ಥಳದಲ್ಲಿ ನಡೆದರೆ ಅದು ಐದು ವರ್ಷಕ್ಕೇರುತ್ತದೆ. ದೇವರ ಸನ್ನಿಧಿಯಲ್ಲಿ ಆಡಿದ ದ್ವೇಷದ ಮಾತಿಗೆ ಕಾನೂನು ಹೆಚ್ಚಿನ ದಂಡವನ್ನು ಇಟ್ಟಿದೆ ಎಂಬುದನ್ನು ಮಠ-ಮಂದಿರಗಳ ವ್ಯವಸ್ಥೆ ನೋಡುವವರು ಲಕ್ಷ್ಯದಲ್ಲಿಡಬೇಕು.

ನ್ಯಾಯಾಲಯ ಎಳೆದ ಗೆರೆ

ಈ ಕಾಯಿದೆಗಳು ಭಕ್ತಿಯನ್ನು ದಂಡಿಸುತ್ತವೆಯೇ? ಸರ್ವೋಚ್ಚ ನ್ಯಾಯಾಲಯದ ಹಳೆಯ ತೀರ್ಪುಗಳನ್ನು ಓದಿದವರಿಗೆ ಇಲ್ಲವೆಂಬುದು ಸ್ಪಷ್ಟವಾಗುತ್ತದೆ.

೧೯೬೨ರ ಲೋಕಸಭಾ ಚುನಾವಣೆಯಲ್ಲಿ ಅಂದಿನ ಪಂಜಾಬಿನ ಝಜ್ಜರ್ ಕ್ಷೇತ್ರದಿಂದ ಜಗದೇವಸಿಂಗ್ ಸಿದ್ಧಾಂತಿಯವರು ಗೆದ್ದರು. ಅವರು ಓಂ ಧ್ವಜವನ್ನು ಬಳಸಿ ಮತ ಕೇಳಿದರೆಂಬುದು ಪ್ರತಿಸ್ಪರ್ಧಿಯ ಆಕ್ಷೇಪ. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಓಂಕಾರಕ್ಕೆ ಆಧ್ಯಾತ್ಮಿಕ ಮಹತ್ವವಿದ್ದರೂ ಆ ಧ್ವಜವನ್ನು ಕಾಯಿದೆಯ ಅರ್ಥದಲ್ಲಿ ಮತೀಯ ಚಿಹ್ನೆಯೆನ್ನಲಾಗದು ಎಂದು ೧೯೬೪ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಅವರ ಆಯ್ಕೆ ಉಳಿಯಿತು. ಪವಿತ್ರವಾದ ಅಕ್ಷರವೊಂದು ಸಭೆಯಲ್ಲಿ ಕಂಡಮಾತ್ರಕ್ಕೆ ಅಪರಾಧವಾಗಲಿಲ್ಲ.

ಗೆರೆ ದಾಟಿದ ಪ್ರಸಂಗಗಳೂ ಇವೆ. ೧೯೭೨ರಲ್ಲಿ ಮುಂಬಯಿಯ ಕುಂಭಾರವಾಡಾ ವಿಧಾನಸಭಾ ಕ್ಷೇತ್ರದಿಂದ ಮುಸ್ಲಿಂ ಲೀಗಿನ ಬುಖಾರಿಯವರು ಆಯ್ಕೆಯಾಗಿದ್ದರು. ತಮ್ಮ ಎದುರಾಳಿಯೂ ಸ್ವಧರ್ಮೀಯನೇ ಆಗಿದ್ದರೂ ಅವನು ನಿಜವಾದ ಮುಸಲ್ಮಾನನಲ್ಲ, ಆದಕಾರಣ ಅವನಿಗೆ ಮತ ಸಲ್ಲದು ಎಂಬ ಧಾಟಿಯಲ್ಲಿ ಅವರು ಪ್ರಚಾರ ಮಾಡಿದ್ದರು. ೧೯೭೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಯ್ಕೆಯ ರದ್ದತಿಯನ್ನು ಎತ್ತಿಹಿಡಿಯಿತು. ಎದುರಾಳಿಯ ಯೋಗ್ಯತೆಯನ್ನು ಬಿಟ್ಟು ಅವನ ಶ್ರದ್ಧೆಯ ಸಾಚಾತನವನ್ನು ಮತದಾರರ ಮುಂದೆ ತೂಗಲು ಹೊರಟದ್ದೇ ಅಲ್ಲಿನ ದೋಷ.

ಎಲ್ಲರೂ ಅರಿತಿರುವ ಪ್ರಕರಣ ೧೯೮೭ರದು. ಮುಂಬಯಿಯ ವಿಲೇ ಪಾರ್ಲೆ ಕ್ಷೇತ್ರದ ಉಪಚುನಾವಣೆಯಲ್ಲಿ ಡಾ. ರಮೇಶ ಪ್ರಭು ಅವರ ಪರವಾಗಿ ಶಿವಸೇನೆಯ ನಾಯಕ ಬಾಳ ಠಾಕರೆಯವರು ಮಾಡಿದ ಭಾಷಣಗಳು ಹಿಂದೂ ಧರ್ಮದ ಹೆಸರಿನಲ್ಲಿ ಮತ ಕೇಳುವಂಥವೂ ಮುಸಲ್ಮಾನರ ವಿರುದ್ಧ ವೈರ ಬೆಳೆಸುವಂಥವೂ ಆಗಿದ್ದವೆಂದು ಮುಂಬಯಿ ಉಚ್ಚ ನ್ಯಾಯಾಲಯ ೧೯೮೯ರಲ್ಲಿ ಆಯ್ಕೆಯನ್ನು ರದ್ದುಗೊಳಿಸಿತು. ೧೯೯೫ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. ಅದೇ ದಿನ ಬಂದ ಮತ್ತೊಂದು ತೀರ್ಪಿನಲ್ಲಿ, ಮಹಾರಾಷ್ಟ್ರದಲ್ಲಿ ಮೊದಲ ಹಿಂದೂ ರಾಜ್ಯ ಸ್ಥಾಪನೆಯಾಗುವುದೆಂದು ಸಾರಿದ್ದ ಮನೋಹರ ಜೋಶಿಯವರ ಮಾತು ಎಷ್ಟೇ ಆಕ್ಷೇಪಾರ್ಹವಾದರೂ ಅದೊಂದು ಆಶಯದ ಪ್ರಕಟಣೆಯೇ ಹೊರತು ಧರ್ಮದ ಹೆಸರಿನ ಮತಯಾಚನೆಯಲ್ಲ ಎಂದು ಹೇಳಿ ಅವರ ಆಯ್ಕೆಯನ್ನು ಉಳಿಸಿತು. ಠಾಕರೆಯವರಿಗೆ ಆರು ವರ್ಷಗಳ ಮತದಾನ ನಿಷೇಧ ಬಂದುದು ೧೯೯೯ರಲ್ಲಿ. ಭಾಷಣ ನಡೆದು ಆಗಲೇ ಹನ್ನೆರಡು ವರ್ಷಗಳು ಕಳೆದಿದ್ದವು; ಆ ವಿಧಾನಸಭೆಯ ಅವಧಿ ಎಂದೋ ಮುಗಿದಿತ್ತು.

೨೦೧೭ರ ಜನವರಿ ೨ರಂದು ಏಳು ನ್ಯಾಯಮೂರ್ತಿಗಳ ಪೀಠವು ಅಭಿರಾಮ ಸಿಂಗ್ ಪ್ರಕರಣದಲ್ಲಿ ಗೆರೆಯನ್ನು ಮತ್ತಷ್ಟು ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮ, ಜಾತಿ, ಸಮುದಾಯಗಳ ಹೆಸರಿನಲ್ಲಿ ಮತ ಕೇಳುವುದೂ ಭ್ರಷ್ಟ ಆಚರಣೆಯೇ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಉಳಿದ ಮೂವರು ಇದನ್ನು ಒಪ್ಪಲಿಲ್ಲ. ಧರ್ಮದ ಅಥವಾ ಜಾತಿಯ ಕಾರಣಕ್ಕೆ ತುಳಿತಕ್ಕೊಳಗಾದವರು ತಮ್ಮ ನೋವನ್ನು ಚುನಾವಣೆಯ ವೇದಿಕೆಯಲ್ಲಿ ಹೇಳಿಕೊಳ್ಳಬಾರದೆಂದರೆ ಪ್ರಜಾಪ್ರಭುತ್ವಕ್ಕೆ ಏನು ಅರ್ಥ ಎಂಬುದು ಅವರ ಆತಂಕ. ಆತಂಕ ನಿರಾಧಾರವಲ್ಲ. ನೋವನ್ನು ಹೇಳಿಕೊಳ್ಳುವುದು ಬೇರೆ, ನೋವನ್ನು ಮಾರಿಕೊಳ್ಳುವುದು ಬೇರೆ. ಆದರೆ ಈ ಭೇದವನ್ನು ಕಾಯಿದೆಯ ಒಂದು ವಾಕ್ಯದಲ್ಲಿ ಹಿಡಿದಿಡುವುದು ಕಷ್ಟ.

ಪೀಠಗಳಿಗೂ ಅನ್ವಯಿಸುವ ಮಾತು

ರಾಜಕಾರಣಿಯ ಮಾತು ಹಾಗಿರಲಿ, ಅವನ ಪರವಾಗಿ ಗುರುಪೀಠ ಆಡುವ ಮಾತಿನ ಗತಿಯೇನು? ೧೯೫೭ರ ಚುನಾವಣೆಯಲ್ಲಿ ಅಂದಿನ ಪಂಜಾಬಿನ ಸಿರ್ಸಾ ಕ್ಷೇತ್ರದಲ್ಲಿ ನಾಮಧಾರಿ ಸಿಖ್ಖರ ಗುರುಗಳು ಒಬ್ಬ ಅಭ್ಯರ್ಥಿಗೆ ಮತ ನೀಡಬೇಕೆಂದು ತಮ್ಮ ಅನುಯಾಯಿಗಳಿಗೆ ಅಪ್ಪಣೆ ಕೊಡಿಸಿದ್ದರು. ಧರ್ಮಗುರುವಿಗೂ ಅಭ್ಯರ್ಥಿಗಳ ಯೋಗ್ಯತೆಯ ಬಗೆಗೆ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವುಂಟು; ಆದರೆ ಭಕ್ತನಿಗೆ ಆಯ್ಕೆಯೇ ಉಳಿಯದಂತೆ, ಮೀರಿದರೆ ದೈವದ ಅವಕೃಪೆ ತಪ್ಪದೆಂಬ ಭಾವನೆ ಬರುವಂತೆ ಆಜ್ಞಾಪಿಸಿದರೆ ಅದು ಅನುಚಿತ ಪ್ರಭಾವ ಎಂದು ಸರ್ವೋಚ್ಚ ನ್ಯಾಯಾಲಯ ೧೯೫೯ರಲ್ಲಿ ನಿರ್ಣಯಿಸಿತು. ಗೆದ್ದವರ ಆಯ್ಕೆ ಅನೂರ್ಜಿತವಾಯಿತು. ಗುರುವಚನಕ್ಕೆ ತಲೆಬಾಗುವ ಸಂಸ್ಕಾರವುಳ್ಳ ನಮ್ಮ ಸಮಾಜ ಈ ಹಳೆಯ ತೀರ್ಪನ್ನು ಮರೆಯದಿರುವುದು ಒಳ್ಳೆಯದು. ಗುರುವಿನ ಮೇಲಿನ ಶ್ರದ್ಧೆ ದೊಡ್ಡದಾದಷ್ಟೂ ಗುರುವಿನ ಬಾಯಿಂದ ಬರುವ ರಾಜಕೀಯ ಸೂಚನೆಯ ಹೊಣೆ ದೊಡ್ಡದು.

ದಂಡದ ದಾರಿಯ ಇಕ್ಕಟ್ಟು

ಈಗ ಎರಡನೆಯ ದಾರಿಯನ್ನು ನೋಡೋಣ. ೨೯೫-ಎ ಪ್ರಕರಣ ದಂಡಸಂಹಿತೆಗೆ ಸೇರಿದ್ದು ೧೯೨೭ರಲ್ಲಿ. ಲಾಹೋರಿನಲ್ಲಿ ಪ್ರಕಟವಾದ, ಪೈಗಂಬರರನ್ನು ನಿಂದಿಸುವ ಪುಸ್ತಕವೊಂದರ ಪ್ರಕಾಶಕರು ಅಂದಿನ ಕಾನೂನಿನಡಿ ಬಿಡುಗಡೆಯಾದಾಗ ಎದ್ದ ಕ್ಷೋಭೆಯೇ ಇದರ ಹುಟ್ಟಿಗೆ ಕಾರಣ. ೧೯೫೭ರಲ್ಲಿ ರಾಮ್‌ಜಿಲಾಲ್ ಮೋದಿ ಪ್ರಕರಣದಲ್ಲಿ ಸಂವಿಧಾನ ಪೀಠವು ಈ ಪ್ರಕರಣವನ್ನು ಎತ್ತಿಹಿಡಿಯುತ್ತ, ಅರಿಯದೆ ಅಥವಾ ಅಜಾಗ್ರತೆಯಿಂದ ಆಡಿದ ಮಾತು ಇದರ ವ್ಯಾಪ್ತಿಗೆ ಬಾರದು, ಉದ್ದೇಶಪೂರ್ವಕವೂ ದುರ್ಭಾವದ್ದೂ ಆದ ನಿಂದೆ ಮಾತ್ರ ಬರುತ್ತದೆ ಎಂದು ಸ್ಪಷ್ಟಪಡಿಸಿತು.

ಗೆರೆ ಕಾಗದದ ಮೇಲೆ ಸ್ಪಷ್ಟ, ವ್ಯವಹಾರದಲ್ಲಿ ಮಸುಕು. ೨೦೦೯ರ ಮಾರ್ಚಿನಲ್ಲಿ ಪೀಲಿಭೀತ್‌ನಲ್ಲಿ ಮಾಡಿದರೆನ್ನಲಾದ ಭಾಷಣಗಳಿಗಾಗಿ ಭಾರತೀಯ ಜನತಾ ಪಕ್ಷದ ವರುಣ ಗಾಂಧಿಯವರ ಮೇಲೆ ಮೊಕದ್ದಮೆ ಹೂಡಲಾಯಿತು. ರಾಷ್ಟ್ರೀಯ ಭದ್ರತಾ ಕಾಯಿದೆಯಡಿ ಬಂಧನವೂ ಆಯಿತು. ಆ ವರ್ಷದ ಚುನಾವಣೆಯಲ್ಲಿ ಅವರು ಅಲ್ಲಿಂದಲೇ ಗೆದ್ದರು. ಸಾಕ್ಷಿದಾರರು ಪ್ರತಿಕೂಲವಾಗಿ ನುಡಿದುದರಿಂದ ೨೦೧೩ರಲ್ಲಿ ನ್ಯಾಯಾಲಯಗಳು ಅವರನ್ನು ದೋಷಮುಕ್ತರೆಂದವು. ೨೦೧೨ರ ಡಿಸೆಂಬರಿನಲ್ಲಿ ಅಂದಿನ ಆಂಧ್ರಪ್ರದೇಶದ ನಿರ್ಮಲ್‌ನಲ್ಲಿ ಮಾಡಿದ ಭಾಷಣಕ್ಕಾಗಿ ಮಜ್ಲಿಸ್ ಪಕ್ಷದ ಶಾಸಕ ಅಕ್ಬರುದ್ದೀನ್ ಓವೈಸಿಯವರು ೨೦೧೩ರ ಜನವರಿಯಲ್ಲಿ ಬಂಧಿತರಾಗಿ ಸುಮಾರು ನಲವತ್ತು ದಿನ ಸೆರೆಯಲ್ಲಿದ್ದರು. ೨೦೨೨ರ ಏಪ್ರಿಲ್ ೧೩ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಅವರನ್ನೂ ಖುಲಾಸೆ ಮಾಡಿತು. ಇಬ್ಬರೂ ಭಿನ್ನ ಪಕ್ಷದವರು, ಭಿನ್ನ ಧರ್ಮದವರು. ಪ್ರಕರಣಗಳ ಗತಿ ಒಂದೇ. ನ್ಯಾಯಾಲಯ ದೋಷಮುಕ್ತರೆಂದವರನ್ನು ಅಪರಾಧಿಗಳೆಂದು ಕರೆಯುವುದು ಅನ್ಯಾಯ. ಆದರೆ ಸಾವಿರಾರು ಜನ ಕಿವಿಯಾರೆ ಕೇಳಿದ ಮಾತಿಗೆ ನ್ಯಾಯಾಲಯದಲ್ಲಿ ಗಟ್ಟಿ ಸಾಕ್ಷ್ಯ ದೊರೆಯುವುದು ಎಷ್ಟು ದುರ್ಲಭವೆಂಬುದನ್ನು ಇವು ತೋರಿಸುತ್ತವೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ೨೦೧೯ರ ಚುನಾವಣಾ ಭಾಷಣವೊಂದಕ್ಕಾಗಿ ಸಮಾಜವಾದಿ ಪಕ್ಷದ ಆಜಂ ಖಾನ್ ಅವರಿಗೆ ೨೦೨೨ರ ಅಕ್ಟೋಬರಿನಲ್ಲಿ ಮೂರು ವರ್ಷಗಳ ಶಿಕ್ಷೆಯಾಯಿತು. ಆ ಭಾಷಣದ ಮುಖ್ಯ ಗುರಿ ಅಧಿಕಾರಸ್ಥರು, ಪರಧರ್ಮವಲ್ಲ. ಆದರೂ ಅನ್ವಯಿಸಿದ ಪ್ರಕರಣಗಳಲ್ಲಿ ೧೫೩-ಎ ಸೇರಿತ್ತು. ಶಿಕ್ಷೆಯಾದೊಡನೆ ಶಾಸಕಸ್ಥಾನ ಹೋಗುತ್ತದೆ. ಮೇಲ್ಮನವಿ ಸಲ್ಲಿಸಿ ಸ್ಥಾನವನ್ನು ಉಳಿಸಿಕೊಳ್ಳುವ ಸೌಲಭ್ಯವನ್ನು ೨೦೧೩ರ ಲಿಲಿ ಥಾಮಸ್ ತೀರ್ಪು ತೆಗೆದುಹಾಕಿದೆ. ಡಿಸೆಂಬರಿನಲ್ಲಿ ರಾಂಪುರದಲ್ಲಿ ಉಪಚುನಾವಣೆ ನಡೆದು ಬೇರೊಬ್ಬರು ಆಯ್ಕೆಯಾದರು. ೨೦೨೩ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಅವರನ್ನು ಆ ಪ್ರಕರಣದಲ್ಲಿ ಖುಲಾಸೆ ಮಾಡಿತು. ಖುಲಾಸೆ ಬಂದಿತು, ಸ್ಥಾನ ಮರಳಿ ಬರಲಿಲ್ಲ.

ಇಂಥ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು. ಅನುಮತಿ ಕೊಡುವವರೂ ರಾಜಕಾರಣಿಗಳೇ. ತಮ್ಮವರ ಕಡತ ಮೇಜಿನ ಮೇಲೆ ಧೂಳು ತಿನ್ನುವುದು, ಎದುರಾಳಿಯ ಕಡತಕ್ಕೆ ರೆಕ್ಕೆ ಬರುವುದು ಅಸಂಭವವೇನಲ್ಲ. ದೂರು ಬರದಿದ್ದರೂ ಪೊಲೀಸರೇ ದ್ವೇಷಭಾಷಣಗಳ ಮೇಲೆ ಪ್ರಕರಣ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೨ರಲ್ಲಿ ಮೂರು ಸರ್ಕಾರಗಳಿಗೂ ೨೦೨೩ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದ್ದರ ಹಿಂದೆ ಈ ಪಕ್ಷಪಾತದ ಭಯವಿತ್ತೆಂದು ತೋರುತ್ತದೆ. ೨೦೨೫ರ ಡಿಸೆಂಬರಿನಲ್ಲಿ ದ್ವೇಷಭಾಷಣ ತಡೆಯ ವಿಧೇಯಕ ನಮ್ಮ ವಿಧಾನಮಂಡಲದ ಮುಂದೆ ಬಂದಾಗ ನಡೆದ ಬಿಸಿಬಿಸಿ ವಾಗ್ವಾದದ ತಿರುಳೂ ಇದೇ: ದ್ವೇಷಕ್ಕೆ ಕಡಿವಾಣ ಬೇಕು, ಆ ಕಡಿವಾಣ ಯಾರ ಕೈಯಲ್ಲಿ?

ಕಲ್ಯಾಣ ಕಲಿಸುವ ಪಾಠ

ಈ ಪ್ರಶ್ನೆ ಲಿಂಗಾಯತರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯೋಣ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು, ಇಂದಿನ ಭಾಷೆಯಲ್ಲಿ ಹೇಳುವುದಾದರೆ ರಾಜ್ಯಾಧಿಕಾರದಲ್ಲಿದ್ದವರು. ಅವರ ಧಾರ್ಮಿಕ ನಡೆನುಡಿಗಳ ಮೇಲೆ ರಾಜನ ಬಳಿ ದೂರುಗಳು ಹೋದವೆಂದು ನಮ್ಮ ಕಾವ್ಯ-ಪುರಾಣಗಳು ಹೇಳುತ್ತವೆ. ಭಂಡಾರದ ಧನವನ್ನು ಜಂಗಮದಾಸೋಹಕ್ಕೆ ವ್ಯಯಿಸುತ್ತಾರೆಂಬುದು ಒಂದು ದೂರು. ಕುಲಧರ್ಮ ಕೆಡಿಸುತ್ತಾರೆಂಬುದು ಇನ್ನೊಂದು. ಸಮಗಾರ ಕುಲದ ಹರಳಯ್ಯನವರ ಮನೆಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮನೆಗೂ ಬೀಗತನ ಕೂಡಿದಾಗ ರಾಜ್ಯವು ಅದನ್ನು ಸಮಾಜದ ಶಾಂತಿ ಕದಡುವ ಕೃತ್ಯವೆಂದೇ ಎಣಿಸಿತು. ಆ ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ನಡೆದರು.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಭಾವನೆಗೆ ಘಾಸಿಯಾಯಿತು, ಶಾಂತಿ ಕದಡಿತು ಎಂಬ ನೆಪದಲ್ಲಿ ರಾಜದಂಡವು ಸತ್ಯದ ಮಾತನ್ನೂ ಹೊಡೆಯಬಲ್ಲುದು ಎಂಬುದು ಮೊದಲನೆಯದು. ಅಂದಿನ ಸಂಪ್ರದಾಯಸ್ಥರ ಭಾವನೆಗಳಿಗೆ ಶರಣರ ನುಡಿ ಘಾಸಿಯನ್ನೇ ಮಾಡಿತ್ತಲ್ಲವೇ? ಆದಕಾರಣ ಧಾರ್ಮಿಕ ಮಾತಿಗಾಗಿ ಯಾರ ಮೇಲೆ ಮೊಕದ್ದಮೆಯಾದರೂ ಅವಿಚಾರದಿಂದ ಚಪ್ಪಾಳೆ ತಟ್ಟುವುದು ನಮಗೆ ಶೋಭಿಸದು.

ಎರಡನೆಯ ಪಾಠ ಇದಕ್ಕಿಂತ ಮುಖ್ಯ. ಬಸವಣ್ಣನವರು ಮಾತಿಗಾಗಿ ಪದವಿಯನ್ನು ಬಿಟ್ಟರು. ಪದವಿಗಾಗಿ ಮಾತನ್ನು ಆಡಲಿಲ್ಲ. ಅವರ ಕಟುನುಡಿ ಮೊದಲು ತಿರುಗುತ್ತಿದ್ದುದು ತಮ್ಮ ಕಡೆಗೆ, ತಮ್ಮವರ ಕಡೆಗೆ. ಕೇಳುವವನು ತನ್ನ ಅಂತರಂಗವನ್ನು ತಿರುಗಿ ನೋಡಿಕೊಳ್ಳುವಂತೆ ಮಾಡುವ ಮಾತು ಧರ್ಮದ್ದು. ಪಕ್ಕದ ಮನೆಯವನನ್ನು ಕೆಂಗಣ್ಣಿನಿಂದ ನೋಡುವಂತೆ ಮಾಡುವ ಮಾತು, ಅದರಲ್ಲಿ ದೇವರ ಹೆಸರು ಎಷ್ಟು ಸಲ ಬಂದರೂ, ಧರ್ಮದ್ದಲ್ಲ. ಧರ್ಮದ ಮಾತಾಡುವ ರಾಜಕಾರಣಿಯನ್ನು ಅಳೆಯಲು ನಮಗೆ ಇದೇ ಕೊಳಗ: ಈ ಮಾತಿನಿಂದ ಇವನು ಏನನ್ನು ಕಳೆದುಕೊಳ್ಳಲು ಸಿದ್ಧನಿದ್ದಾನೆ? ಏನನ್ನು ಗಳಿಸಲು ಹೊರಟಿದ್ದಾನೆ?

ಕಾನೂನಿಗೆ ಈ ಕೊಳಗವಿಲ್ಲ. ಅದು ಶಬ್ದವನ್ನೂ ಪರಿಣಾಮವನ್ನೂ ಸಾಕ್ಷಿಯನ್ನೂ ನೋಡಬಲ್ಲುದು; ಅಂತಃಕರಣವನ್ನು ನೋಡಲಾರದು. ನಮ್ಮ ನಾಡಿನ ಮುಖ್ಯಮಂತ್ರಿಗಳಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರಿನಲ್ಲಿ ೧೯೯೪ರ ಮಾರ್ಚ್ ೧೧ರಂದು ಬಂದ ತೀರ್ಪು, ಧರ್ಮನಿರಪೇಕ್ಷತೆ ಸಂವಿಧಾನದ ಮೂಲರಚನೆಗೆ ಸೇರಿದ್ದೆಂದು ಸಾರಿತು. ರಾಜ್ಯಕ್ಕೆ ತನ್ನದೇ ಆದ ಧರ್ಮವಿಲ್ಲ, ಎಲ್ಲ ಧರ್ಮದವರೂ ಅದಕ್ಕೆ ಸಮಾನರು ಎಂಬುದು ಇದರ ಅರ್ಥ. ಪ್ರಜೆಗೆ ಧರ್ಮವಿರಬಾರದೆಂಬುದು ಇದರ ಅರ್ಥವಲ್ಲ.

ನಮ್ಮ ಹೊಣೆ

ಈ ಕಾಯಿದೆಯ ಬಾಗಿಲನ್ನು ನಮ್ಮ ಸಮಾಜವೂ ತಟ್ಟಿದೆ. ಅಕ್ಕನಾಗಮ್ಮನವರನ್ನು ಕುರಿತ ಚಿತ್ರಣಕ್ಕಾಗಿ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯ ಮೇಲೆ ಆಕ್ಷೇಪವೆದ್ದಿತು. ೧೯೯೭ರಲ್ಲಿ ರಾಜ್ಯ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಆ ಕಾದಂಬರಿಯ ಗುಣಾವಗುಣಗಳ ಚರ್ಚೆ ಇಲ್ಲಿ ಅಪ್ರಸ್ತುತ. ನಮ್ಮ ಭಾವನೆಗೆ ನೋವಾದಾಗ ಕಾನೂನಿನ ಆಶ್ರಯ ಬಯಸಿದ ನಾವು, ಪರರ ಭಾವನೆಗೆ ನಮ್ಮ ಮುಖಂಡನೊಬ್ಬ ನೋವುಂಟುಮಾಡಿದಾಗ ಅದನ್ನು ವಾಕ್‌ಸ್ವಾತಂತ್ರ್ಯವೆಂದು ಸಮರ್ಥಿಸಲಾಗದು. ಅಳತೆ ಒಂದೇ ಇರಬೇಕು.

ಇನ್ನೊಂದು ಮಾತನ್ನು ನಿಷ್ಠುರವಾಗಿಯಾದರೂ ಹೇಳಲೇಬೇಕು. ನಮ್ಮ ಮತ ನಮ್ಮವರಿಗೇ ಎಂಬ ಮಾತು ನಮ್ಮ ಊರುಗಳಲ್ಲಿ ಅಪರಾಧವೆಂದು ಯಾರಿಗೂ ತೋರುವುದಿಲ್ಲ. ಆದರೆ ಸಮುದಾಯದ ಹೆಸರಿನ ಮತಯಾಚನೆಯೂ ಅದೇ ೧೨೩ನೆಯ ಪ್ರಕರಣದಲ್ಲಿದೆ. ೨೦೧೮ರಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಯ ಪ್ರಶ್ನೆ ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿಯೇ ಬಂದು ನಿಂತಾಗ ಪರವಾಗಿಯೂ ವಿರೋಧವಾಗಿಯೂ ಬಸವಣ್ಣನವರ ಹೆಸರು ವೇದಿಕೆಗಳಲ್ಲಿ ಮೊಳಗಿತು. ಮಾನ್ಯತೆಯನ್ನು ಕೇಳುವುದು ಹಕ್ಕು. ಅದರ ತತ್ತ್ವಜಿಜ್ಞಾಸೆ ನಡೆಯಲೇಬೇಕು. ಆದರೆ ಜಿಜ್ಞಾಸೆಯ ವೇಳೆಯನ್ನು ಚುನಾವಣೆಯ ಪಂಚಾಂಗ ನಿಶ್ಚಯಿಸತೊಡಗಿದರೆ ಹಾನಿಯಾಗುವುದು ತತ್ತ್ವಕ್ಕೆ.

ನ್ಯಾಯಾಲಯಕ್ಕೆ ಹನ್ನೆರಡು ವರ್ಷ ಬೇಕಾದ ಕೆಲಸವನ್ನು ಕೇಳುಗರ ಸಭೆ ಒಂದು ಗಳಿಗೆಯಲ್ಲಿ ಮಾಡಬಲ್ಲುದು. ಜಾತ್ರೆ, ರಥೋತ್ಸವ, ಪುಣ್ಯಸ್ಮರಣೆಗಳಿಗೆ ಜನಪ್ರತಿನಿಧಿಗಳನ್ನು ಕರೆಯುವಾಗ ಇಲ್ಲಿ ಮತಯಾಚನೆಯೂ ಪರನಿಂದೆಯೂ ಸಲ್ಲದೆಂದು ಮೊದಲೇ ತಿಳಿಸುವ ದಿಟ್ಟತನ ನಮ್ಮ ಮಠಗಳಿಗಿರಲಿ. ಅಂಥ ಮಾತು ಬಂದರೆ ಚಪ್ಪಾಳೆಯ ಬದಲು ಮೌನವನ್ನು ಕೊಡುವ ಸಂಯಮ ಭಕ್ತರಿಗಿರಲಿ. ಮನೆಯಲ್ಲಿ ಮಕ್ಕಳೆದುರು ಪರಧರ್ಮದ ಮೇಲೆ ಹಗುರವಾಗಿ ನುಡಿಯದಿರುವುದು, ಮೊಬೈಲಿಗೆ ಬಂದ ತುಣುಕು ಭಾಷಣವನ್ನು ಪೂರ್ವಾಪರ ತಿಳಿಯದೆ ಹತ್ತು ಜನರಿಗೆ ದಾಟಿಸದಿರುವುದು, ಇವೂ ಇಂದಿನ ಆಚಾರಗಳೇ. ನಮ್ಮ ಶರಣರಿಗೆ ಅಪಮಾನವಾಯಿತೆನಿಸಿದಾಗ ಮೊದಲು ಗ್ರಂಥದಿಂದ, ವಿಚಾರದಿಂದ ಉತ್ತರಿಸೋಣ; ಪೊಲೀಸು ಠಾಣೆ ಕೊನೆಯ ಮೆಟ್ಟಿಲಾಗಲಿ.

ದ್ವೇಷ ಬಿತ್ತುವ ನಾಲಗೆಗೆ ದಂಡ ಬೇಕೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕೊಳ್ಳುವವರಿರುವ ತನಕ ಮಾರುವವರಿಗೆ ಬರವಿಲ್ಲ. ಬಸವಣ್ಣನವರ ಹೆಸರು ಮತದ ಪೆಟ್ಟಿಗೆಯ ಕೀಲಿಕೈಯಲ್ಲವೆಂದು ಎದುರಿಗೆ ಕುಳಿತ ಭಕ್ತಸಮೂಹವೇ ತೋರಿಸಿಕೊಟ್ಟ ದಿನ, ವೇದಿಕೆಯ ಮೇಲಿನ ಮಾತು ತಾನಾಗಿಯೇ ತಿದ್ದಿಕೊಂಡೀತು. ಆ ಅಧಿಕಾರ ಯಾವ ಸರ್ಕಾರದ ಅನುಮತಿಗೂ ಕಾಯಬೇಕಿಲ್ಲ. ಅದು ನಮ್ಮ ಕೈಯಲ್ಲೇ ಇದೆ.